ಪಾದ್ರಿಯ ಸಂಬಳ ಯಾರ ಜೇಬಿನಿಂದ?

ವರ್ಷಕ್ಕೆ 16,000 ಪೌಂಡ್ ಹೊಗೆಸೊಪ್ಪು. ವರ್ಜೀನಿಯಾದ ಪಾದ್ರಿಯೊಬ್ಬನಿಗೆ 1696ರ ಕಾನೂನು ಗೊತ್ತುಮಾಡಿದ ಸಂಬಳ ಇದು. ಅಮೆರಿಕ ಎಂಬ ದೇಶ ಇನ್ನೂ ಹುಟ್ಟಿರಲಿಲ್ಲ. ವರ್ಜೀನಿಯಾ ಇಂಗ್ಲೆಂಡಿನ ದೊರೆಯ ವಸಾಹತು, ದೊರೆಯ ಚರ್ಚೇ ಅಲ್ಲಿಯ ಚರ್ಚು. ಜನರ ಕೈಯಲ್ಲಿ ನಾಣ್ಯ ಓಡಾಡುತ್ತಿದ್ದುದು ಕಡಿಮೆ, ಹೊಲದಲ್ಲಿ ಹೊಗೆಸೊಪ್ಪಿಗೆ ಮಾತ್ರ ಬರವಿರಲಿಲ್ಲ. ಹಾಗಾಗಿ ಸಾಲ, ದಂಡ, ತೆರಿಗೆ ಎಲ್ಲದರ ಲೆಕ್ಕವೂ ಸೊಪ್ಪಿನಲ್ಲೇ. ಊರಿನ ದೊಡ್ಡ ಜಮೀನುದಾರರು ಕೂತಿದ್ದ ಚರ್ಚಿನ ಆಡಳಿತ ಮಂಡಳಿ ತಲೆಗಿಷ್ಟು ಎಂದು ಹಂಚಿಹಾಕಿ ವಸೂಲಿ ಮಾಡಿಸುತ್ತಿತ್ತು. ಪಾದ್ರಿಯ ಉಪದೇಶ ಕೇಳುವವನೂ ಕೊಡಬೇಕು, ಕೇಳದವನೂ ಕೊಡಬೇಕು, ಆತ ಹೇಳುವುದೆಲ್ಲ ಸುಳ್ಳೆಂದು ನಂಬಿದವನೂ ಕೊಡಬೇಕು.

ಧರ್ಮವನ್ನೂ ಪ್ರಭುತ್ವವನ್ನೂ ಬೇರೆ ಮಾಡಿದ ಕಥೆಯನ್ನು ಸಾಮಾನ್ಯವಾಗಿ ಪ್ಯಾರಿಸಿನ ತತ್ತ್ವಜ್ಞಾನಿಗಳಿಂದ ಶುರುಮಾಡುತ್ತಾರೆ. ದೇವರಲ್ಲಿ ನಂಬಿಕೆ ಸಡಿಲವಾದವರು, ಚರ್ಚನ್ನು ಕಂಡರೆ ಆಗದವರು ಸೇರಿ ಕಟ್ಟಿದ ಏರ್ಪಾಡು ಅದು ಎಂಬ ಭಾವನೆ ನಮ್ಮಲ್ಲೂ ಇದೆ. ಫ್ರಾನ್ಸಿಗೆ ಆ ಮಾತು ಸ್ವಲ್ಪಮಟ್ಟಿಗೆ ಸಲ್ಲಬಹುದು. ಆದರೆ ಈ ವಿಚಾರವನ್ನು ಗಟ್ಟಿಯಾಗಿ ಕಾನೂನಿಗೆ ಇಳಿಸಿದ ವರ್ಜೀನಿಯಾದಲ್ಲಿ ಬೀದಿಗಿಳಿದು ಕೇಳಿದವರು, ಜೈಲು ಕಂಡವರು, ಸಹಿ ಸಂಗ್ರಹಿಸಿದವರು ಬೈಬಲ್ಲನ್ನು ಎದೆಗವುಚಿಕೊಂಡ ಕಡುಭಕ್ತರು. ಅವರು ಸರ್ಕಾರದ ಹಣ ಬೇಡವೆಂದದ್ದು ಅದು ಬೇರೆಯವರಿಗೆ ಹೋಗುತ್ತದೆಂಬ ಸಿಟ್ಟಿಗಷ್ಟೇ ಆಗಿರಲಿಲ್ಲ. ತಮಗೇ ಪಾಲು ಕೊಡುತ್ತೇವೆ ಎಂದಾಗಲೂ ಬೇಡವೆಂದರು. ಈ ಕೊನೆಯ ಸಂಗತಿ ನಮಗೆ ಅಷ್ಟಾಗಿ ಪರಿಚಯವಿಲ್ಲ.

ಯುರೋಪಿನಲ್ಲಿ ಇದಕ್ಕೆ ಮೊದಲು ಜಗಳವೇ ಇರಲಿಲ್ಲವೆಂದಲ್ಲ. 1077ರ ಚಳಿಯಲ್ಲಿ ಜರ್ಮನಿಯ ದೊರೆ ನಾಲ್ಕನೆಯ ಹೆನ್ರಿ ಕನೋಸಾದ ಕೋಟೆಯ ಮುಂದೆ ಪೋಪ್ ಏಳನೆಯ ಗ್ರೆಗೊರಿಯ ಕ್ಷಮೆಗಾಗಿ ಕಾದು ನಿಂತದ್ದು ಪ್ರಸಿದ್ಧ. 1555ರ ಆಗ್ಸ್‌ಬರ್ಗ್ ಒಪ್ಪಂದ ಆಯಾ ದೊರೆಯ ಮತವೇ ಆಯಾ ಸೀಮೆಯ ಮತ ಎಂದಿತು. ಆದರೆ ಇವೆಲ್ಲ ಪೋಪನಿಗೂ ದೊರೆಗೂ, ದೊರೆಗೂ ದೊರೆಗೂ ನಡೆದ ಗಡಿ ವ್ಯಾಜ್ಯಗಳು. ತೆರಿಗೆ ಕಟ್ಟುವ ರೈತನನ್ನು, ‘ನಿನ್ನ ಮನಸ್ಸಿನಲ್ಲಿ ಏನಿದೆಯಪ್ಪ’ ಎಂದು ಕೇಳಿದವರು ಅಲ್ಲಿ ಯಾರೂ ಇಲ್ಲ.

ವರ್ಜೀನಿಯಾದಲ್ಲಿ ಮೊದಲ ಬಿರುಕು ಬಿಟ್ಟದ್ದು ಭಕ್ತಿಯ ಕಾರಣಕ್ಕಲ್ಲ, ಬೆಲೆಯ ಕಾರಣಕ್ಕೆ. 1758ರಲ್ಲಿ ಬೆಳೆ ಕೈಕೊಟ್ಟು ಹೊಗೆಸೊಪ್ಪಿನ ದರ ಏರಿತು. ಸಂಬಳವನ್ನು ಸೊಪ್ಪಿನಲ್ಲಿ ಪಡೆಯುವ ಪಾದ್ರಿಗಳಿಗೆ ಅದು ಸುಗ್ಗಿ. ಶಾಸನಸಭೆ ಇದನ್ನು ಸಹಿಸಲಿಲ್ಲ. ಪೌಂಡಿಗೆ ಎರಡು ಪೆನ್ನಿಯಂತೆ ದುಡ್ಡು ಎಣಿಸಿದರೆ ಸಾಕು ಎಂದು ಕಾನೂನು ಮಾಡಿತು. ಪೇಟೆಯ ದರ ಅದರ ಮೂರರಷ್ಟಿತ್ತು. ಲಂಡನ್ ಈ ಕಾನೂನನ್ನು ತಳ್ಳಿಹಾಕಿದ ಮೇಲೆ ಜೇಮ್ಸ್ ಮೌರಿ ಎಂಬ ಪಾದ್ರಿ ಬಾಕಿ ಸಂಬಳಕ್ಕೆ ದಾವೆ ಹೂಡಿದ. (ಈ ಮೌರಿ ಹುಡುಗ ಥಾಮಸ್ ಜೆಫರ್ಸನ್‌ಗೆ ಪಾಠ ಹೇಳಿದ್ದ ಮೇಷ್ಟ್ರು.) 1763ರ ಡಿಸೆಂಬರ್ 1ರಂದು ಹ್ಯಾನೋವರ್ ಕೋರ್ಟಿನಲ್ಲಿ ಪಾದ್ರಿಯ ವಿರುದ್ಧ ವಾದಿಸಲು ಎದ್ದವನು 27 ವರ್ಷದ ವಕೀಲ ಪ್ಯಾಟ್ರಿಕ್ ಹೆನ್ರಿ. ನ್ಯಾಯಪೀಠದಲ್ಲಿದ್ದವನು ಅವನ ಅಪ್ಪನೇ! ಬಡವರ ಕೊನೆಯ ಕಾಸಿಗೂ ಕೈಚಾಚುವ ಪಾದ್ರಿಗಳು ಎಂಬ ಧಾಟಿಯಲ್ಲಿ ಹುಡುಗ ಹರಿಹಾಯ್ದ. ಜ್ಯೂರಿ ಮೌರಿಗೆ ಕೊಡಿಸಿದ ಪರಿಹಾರ ಒಂದು ಪೆನ್ನಿ. ಹೆನ್ರಿ ರಾತ್ರೋರಾತ್ರಿ ಹೆಸರುವಾಸಿಯಾದ. ಇದೇ ಹೆನ್ರಿ ಮುಂದೆ ತಿರುಗಿ ನಿಲ್ಲುವವನಿದ್ದಾನೆ, ಅವನ ಹೆಸರು ನೆನಪಿರಲಿ.

ಅದೇ ದಶಕದಲ್ಲಿ ಹಳ್ಳಿಗಾಡಿಗೆ ಬ್ಯಾಪ್ಟಿಸ್ಟ್ ಬೋಧಕರು ಬಂದರು. ಹೆಚ್ಚಿನವರು ರೈತರು, ಕಸುಬುದಾರರು. ಓದು ಅಷ್ಟಕ್ಕಷ್ಟೆ, ಕಂಠ ಮಾತ್ರ ಮೈಲಿ ದೂರ ಕೇಳುವಂಥದ್ದು. ಹಸುಗೂಸಿನ ತಲೆಗೆ ನೀರು ಚಿಮುಕಿಸಿದರೆ ಕ್ರೈಸ್ತನಾಗುವುದಿಲ್ಲ, ತಿಳಿದು ನಂಬಿದ ವಯಸ್ಕ ನದಿಯಲ್ಲಿ ಮುಳುಗಿ ಏಳಬೇಕು ಎಂಬುದು ಅವರ ನಂಬಿಕೆ. ಅವರ ಸಭೆಗಳಲ್ಲಿ ಗುಲಾಮರೂ ಸೇರುತ್ತಿದ್ದರು. ಮನೆತನಸ್ಥರಿಗೆ ಇದನ್ನೆಲ್ಲ ನೋಡಿ ಮೈ ಉರಿಯಿತು. ಬೋಧನೆಗೆ ಸರ್ಕಾರದ ಪರವಾನಗಿ ಪಡೆಯಿರಿ ಎಂದರೆ ಹಲವರು ಒಪ್ಪಲಿಲ್ಲ. ಕರೆದವನು ದೇವರು, ಅಪ್ಪಣೆ ಕೊಡಲು ಗವರ್ನರ್ ಯಾರು?

1768ರ ಜೂನ್ 4ರಂದು ಸ್ಪಾಟ್ಸಿಲ್ವೇನಿಯಾದಲ್ಲಿ ಜಾನ್ ವಾಲರ್, ಲೂಯಿಸ್ ಕ್ರೇಗ್, ಜೇಮ್ಸ್ ಚೈಲ್ಡ್ಸ್ ಮೊದಲಾದವರನ್ನು ಹಿಡಿದರು. ಆರೋಪ ಶಾಂತಿಭಂಗ. ದಾರಿಯಲ್ಲಿ ಎದುರಾದವರನ್ನೆಲ್ಲ ನಿಲ್ಲಿಸಿ ಬೈಬಲ್ ವಾಕ್ಯ ತುರುಕುತ್ತಾರೆ ಎಂಬುದು ಸರ್ಕಾರಿ ವಕೀಲನ ಅಳಲು. ಒಂದು ವರ್ಷ ಒಂದು ದಿನ ಈ ಸೀಮೆಯಲ್ಲಿ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟರೆ ಬಿಡುತ್ತೇವೆ ಎಂದರು. ಅವರು ಕೊಡಲಿಲ್ಲ. ಫ್ರೆಡರಿಕ್ಸ್‌ಬರ್ಗಿನ ಬೀದಿಯಲ್ಲಿ ಕೀರ್ತನೆ ಹಾಡುತ್ತ ಜೈಲಿಗೆ ನಡೆದರು, ಜೈಲಿನ ಕಿಟಕಿಯಿಂದಲೇ ಬೋಧಿಸಿದರು. ವಾಲರ್ ಮತ್ತಿತರರು ಅಲ್ಲಿದ್ದದ್ದು 43 ದಿನ. ಕಲ್ಪೆಪರ್ ಜೈಲಿನಲ್ಲಿದ್ದ ಜೇಮ್ಸ್ ಐರ್ಲೆಂಡ್‌ನದು ಇನ್ನೂ ಕಷ್ಟದ ಕಥೆ. ಆತನೇ ಬರೆದಿಟ್ಟಂತೆ, ನೆಲದಡಿ ಸಿಡಿಮದ್ದು ಇಟ್ಟರು, ಗಂಧಕವೂ ಮೆಣಸೂ ಸೇರಿಸಿ ಹೊಗೆ ಹಾಕಿದರು. ಆತ ಉಳಿದುಕೊಂಡ. ವರ್ಜೀನಿಯಾದಲ್ಲಿ ಹೀಗೆ ಜೈಲು ಕಂಡ ಬ್ಯಾಪ್ಟಿಸ್ಟ್ ಬೋಧಕರು ಮೂವತ್ತಕ್ಕೂ ಹೆಚ್ಚು.

ಕಲ್ಪೆಪರಿನ ಪಕ್ಕದ ಆರೆಂಜ್ ಕೌಂಟಿಯಲ್ಲಿ ಒಬ್ಬ ಸಣಕಲು ಮೈಕಟ್ಟಿನ, ಪುಸ್ತಕದ ಹುಳು ಯುವಕನಿದ್ದ: ಜೇಮ್ಸ್ ಮ್ಯಾಡಿಸನ್. ಪ್ರಿನ್ಸ್‌ಟನ್ನಿನಲ್ಲಿ ಓದಿ ಊರಿಗೆ ಮರಳಿದ್ದ. 1774ರ ಜನವರಿಯಲ್ಲಿ ಗೆಳೆಯ ವಿಲಿಯಂ ಬ್ರಾಡ್‌ಫರ್ಡ್‌ಗೆ ಬರೆದ ಪತ್ರದಲ್ಲಿ, ನೆರೆಯ ಸೀಮೆಯಲ್ಲಿ ಐದಾರು ಜನ ಬರಿಯ ನಂಬಿಕೆ ಹೇಳಿದ್ದಕ್ಕಾಗಿ ಸೆರೆಯಲ್ಲಿದ್ದಾರೆ, ಇದರ ಬಗ್ಗೆ ಜಗಳವಾಡಿ ಸಾಕಾಗಿದೆ ಎಂಬರ್ಥದ ಮಾತಿದೆ. ಮ್ಯಾಡಿಸನ್ ಬ್ಯಾಪ್ಟಿಸ್ಟ್ ಅಲ್ಲ, ದೊರೆಯ ಚರ್ಚಿನ ಮನೆಯಲ್ಲೇ ಹುಟ್ಟಿದವನು. ತಾತ್ವಿಕ ಓದು ಅವನಿಗೆ ಕಾಲೇಜಿನಲ್ಲಿ ಸಿಕ್ಕಿರಬಹುದು, ಸಿಟ್ಟು ಬಂದದ್ದು ಮಾತ್ರ ಪಕ್ಕದೂರಿನ ಜೈಲಿನಿಂದ.

ಈ ಬೋಧಕರ ಹಟದ ಬೇರು ಹುಡುಕಿದರೆ ನೂರಮೂವತ್ತು ವರ್ಷ ಹಿಂದೆ, ಇನ್ನೊಂದು ವಸಾಹತಿಗೆ ಹೋಗಬೇಕು. 1631ರಲ್ಲಿ ಬಾಸ್ಟನ್ನಿಗೆ ಬಂದಿಳಿದ ರೋಜರ್ ವಿಲಿಯಮ್ಸ್ ಕೇಂಬ್ರಿಜ್‌ನಲ್ಲಿ ಓದಿದ ಪಾದ್ರಿ. ಮ್ಯಾಸಚೂಸೆಟ್ಸಿನ ಪ್ಯೂರಿಟನ್ನರಿಗಿಂತ ಹೆಚ್ಚು ಪ್ಯೂರಿಟನ್. ಬಂದವನೇ, ನಿಮ್ಮ ಚರ್ಚು ಸಾಕಷ್ಟು ಶುದ್ಧವಿಲ್ಲ ಎಂದು ಕರೆದುಕೊಟ್ಟ ಹುದ್ದೆಯನ್ನು ತಿರಸ್ಕರಿಸಿದ. ಮೂಲನಿವಾಸಿಗಳ ನೆಲವನ್ನು ದಾನ ಮಾಡಲು ಇಂಗ್ಲೆಂಡಿನ ದೊರೆಗೆ ಹಕ್ಕೇನಿದೆ ಎಂದು ಕೇಳಿದ. ನ್ಯಾಯಾಧೀಶರು ಕೊಲೆ, ಕಳ್ಳತನ ನೋಡಿಕೊಳ್ಳಲಿ, ದೇವರಿಗೂ ಭಕ್ತನಿಗೂ ನಡುವಿನ ಆಜ್ಞೆಗಳನ್ನು ಮುಟ್ಟಕೂಡದು ಎಂದ. ಇಂಥವನನ್ನು ಯಾವ ಊರು ತಾನೇ ಇಟ್ಟುಕೊಂಡೀತು? 1635ರ ಅಕ್ಟೋಬರಿನಲ್ಲಿ ಗಡಿಪಾರು ಮಾಡಿದರು. ಹಡಗು ಹತ್ತಿಸಲು ಜನ ಬರುವ ಮೊದಲೇ ಕೊರೆಯುವ ಹಿಮದಲ್ಲಿ ಕಾಡು ಸೇರಿದ. ನರಗ್ಯಾನ್ಸೆಟ್ ಜನರ ನಾಯಕ ಕನೋನಿಕಸ್ ನೆಲ ಕೊಟ್ಟ. 1636ರಲ್ಲಿ ಪ್ರಾವಿಡೆನ್ಸ್ ಹುಟ್ಟಿತು. ಅಲ್ಲಿ ಬಹುಮತದ ತೀರ್ಮಾನ ಲೌಕಿಕ ವಿಷಯಗಳಿಗೆ ಮಾತ್ರ.

1644ರಲ್ಲಿ ಅಚ್ಚಾದ ಬರಹವೊಂದರಲ್ಲಿ ವಿಲಿಯಮ್ಸ್ ಚರ್ಚನ್ನು ತೋಟವೆಂದೂ ಜಗತ್ತನ್ನು ಕಾಡೆಂದೂ ಕರೆದು, ಇವೆರಡರ ನಡುವಿನ ಗೋಡೆಯಲ್ಲಿ ಕಿಂಡಿ ಬಿದ್ದರೆ ತೋಟವೇ ಕಾಡಾಗುತ್ತದೆ ಎಂದ. ಚರ್ಚಿಗೂ ಪ್ರಭುತ್ವಕ್ಕೂ ನಡುವೆ ಜೆಫರ್ಸನ್ 1802ರಲ್ಲಿ ಹೇಳಿದ ಪ್ರಸಿದ್ಧ ಗೋಡೆಗಿಂತ 158 ವರ್ಷ ಹಿರಿಯ ಗೋಡೆ ಇದು, ಮುಖ ಮಾತ್ರ ಬೇರೆ ಕಡೆಗೆ. ವಿಲಿಯಮ್ಸನ ಭಯ ಚರ್ಚಿನ ಕುರಿತದ್ದು: ದಂಡ ಹಿಡಿದ ಕೈ ಒಳಗೆ ಬಂದರೆ ಭಕ್ತಿ ನಾಟಕವಾಗುತ್ತದೆ, ಬಲವಂತದ ಪ್ರಾರ್ಥನೆ ದೇವರಿಗೆ ಮಾಡುವ ಅಪಚಾರ. ಅದೇ ವರ್ಷ ಬಂದ ಅವನ ದೊಡ್ಡ ಗ್ರಂಥವನ್ನು ಲಂಡನ್ನಿನ ಪಾರ್ಲಿಮೆಂಟು ಸುಡಿಸಿತು. ಯೆಹೂದಿ, ತುರ್ಕ, ಕ್ಯಾಥೊಲಿಕ್, ನಂಬದವನು, ಎಲ್ಲರನ್ನೂ ಅವರಷ್ಟಕ್ಕೆ ಬಿಡಬೇಕೆಂದು ಅದರಲ್ಲಿ ಬರೆದಿದ್ದ. ಅವರ ಮತಗಳೆಲ್ಲ ತಪ್ಪೆಂದು ಆತ ಖಡಾಖಂಡಿತವಾಗಿ ನಂಬಿದ್ದ. ಉದಾರ ಮನಸ್ಸಿಗೆ ಎಲ್ಲ ಮತವೂ ಒಂದೇ ಎಂದು ನಂಬಬೇಕಾಗಿಲ್ಲ ಎನ್ನುವುದಕ್ಕೆ ವಿಲಿಯಮ್ಸನಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಇತ್ತ ಬಾಸ್ಟನ್ 1651ರಲ್ಲಿ ಒಬೆಡಾಯ ಹೋಮ್ಸ್ ಎಂಬ ಬ್ಯಾಪ್ಟಿಸ್ಟನಿಗೆ 30 ಛಡಿ ಏಟು ಕೊಟ್ಟಿತು, 1660ರಲ್ಲಿ ಕ್ವೇಕರ್ ಹೆಂಗಸು ಮೇರಿ ಡಯರಳನ್ನು ಗಲ್ಲಿಗೇರಿಸಿತು.

ಮತ್ತೆ ವರ್ಜೀನಿಯಾಕ್ಕೆ. 1776ರಲ್ಲಿ ದೊರೆಯ ನಂಟು ಹರಿಯುವ ಹೊತ್ತಿಗೆ ಜಾರ್ಜ್ ಮೇಸನ್ ಹಕ್ಕುಗಳ ಘೋಷಣೆಯ ಕರಡು ಬರೆದ. ಮತದ ವಿಷಯದಲ್ಲಿ ‘ಪೂರ್ಣ ಸಹಿಷ್ಣುತೆ’ ಎಂದಿತ್ತು. 25 ವರ್ಷದ ಮ್ಯಾಡಿಸನ್ ಅದನ್ನು ಒಪ್ಪಲಿಲ್ಲ. ಸಹಿಸುವವನು ಮೇಲಿರುತ್ತಾನೆ, ಇಂದು ಸಹಿಸಿದ್ದನ್ನು ನಾಳೆ ಸಹಿಸದೆಯೂ ಇರಬಹುದು. ಆ ಮಾತು ತೆಗೆಸಿ, ಅಂತಃಸಾಕ್ಷಿಯಂತೆ ನಡೆಯಲು ಎಲ್ಲರಿಗೂ ಸಮಾನ ಹಕ್ಕಿದೆ ಎಂದು ಹಾಕಿಸಿದ. ಪಾದ್ರಿಗಳ ಸರ್ಕಾರಿ ಸಂಬಳ ಅದೇ ವರ್ಷ ಅಮಾನತಾಗಿ 1779ರಲ್ಲಿ ಪೂರ್ತಿ ನಿಂತಿತು. ಆ ವರ್ಷವೇ ಜೆಫರ್ಸನ್ನನ ಮತಸ್ವಾತಂತ್ರ್ಯ ಮಸೂದೆಯೂ ಸಭೆಗೆ ಬಂತು, ಬಂದು ಹಾಗೆಯೇ ಕೂತಿತು.

ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ, 1784ರಲ್ಲಿ, ಪ್ಯಾಟ್ರಿಕ್ ಹೆನ್ರಿ ಹೊಸ ಮಸೂದೆಯೊಂದಿಗೆ ಎದ್ದುನಿಂತ. ಜನರ ನಡತೆ ಕೆಟ್ಟಿದೆ, ಧರ್ಮೋಪದೇಶವಿಲ್ಲದೆ ಗಣರಾಜ್ಯ ನಿಲ್ಲದು, ಆದ್ದರಿಂದ ಕ್ರೈಸ್ತ ಬೋಧಕರಿಗಾಗಿ ಒಂದು ತೆರಿಗೆ ಇರಲಿ. ಆದರೆ ಹಳೆಯ ಹಾಗೆ ಒಂದೇ ಚರ್ಚಿಗಲ್ಲ. ತೆರಿಗೆ ಕಟ್ಟುವವನು ತನ್ನ ಹಣ ಯಾವ ಪಂಗಡದ ಬೋಧಕನಿಗೆ ಹೋಗಬೇಕೆಂದು ತಾನೇ ಬರೆಸಬಹುದು. ಒಂದು ಪೆನ್ನಿಯ ವಕೀಲ ಇಪ್ಪತ್ತು ವರ್ಷಗಳಲ್ಲಿ ಪಾದ್ರಿಗಳ ಪರ ವಕೀಲನಾಗಿದ್ದ. ಹೆನ್ರಿಯನ್ನು ಕಪಟಿ ಎನ್ನಲಾರೆ. ಇಂದಿನ ಕಣ್ಣಿಗೂ ಇದು ಎಷ್ಟು ನ್ಯಾಯವಾಗಿ ಕಾಣುತ್ತದೆ ನೋಡಿ! ಯಾರಿಗೂ ಭೇದವಿಲ್ಲ, ಎಲ್ಲ ಪಂಗಡಕ್ಕೂ ಪಾಲು. ಜಾರ್ಜ್ ವಾಷಿಂಗ್ಟನ್‌ಗೇ ಇದರಲ್ಲಿ ಅಂಥ ತಪ್ಪು ಕಾಣಲಿಲ್ಲ. ಪ್ರೆಸ್‌ಬಿಟೇರಿಯನ್ ಪಾದ್ರಿಗಳು ಮೊದಲು ಮೆತ್ತಗಾಗಿ, ಮರುವರ್ಷ ಅನುಯಾಯಿಗಳ ಗದ್ದಲ ಕೇಳಿ ಸೆಟೆದರು.

ಬ್ಯಾಪ್ಟಿಸ್ಟರು ಅಲ್ಲಾಡಲಿಲ್ಲ. ಅವರ ಬಡ ಬೋಧಕರಿಗೆ ಈ ಹಣದಿಂದ ಎಲ್ಲರಿಗಿಂತ ಹೆಚ್ಚು ಉಪಕಾರವಾಗುತ್ತಿತ್ತು. ಬೋಧಕನನ್ನು ಸಾಕುವುದು ಅವನ ಮಾತು ಕೇಳುವವರ ಕೆಲಸ, ಸರ್ಕಾರದ್ದಲ್ಲ. ಕ್ರಿಸ್ತನ ಧರ್ಮ ಮೊದಲ ಮುನ್ನೂರು ವರ್ಷ ಯಾವ ಚಕ್ರವರ್ತಿಯ ಸಂಬಳವೂ ಇಲ್ಲದೆ ಬೆಳೆಯಿತು ಎಂದು ಹಳ್ಳಿ ಹಳ್ಳಿಯಿಂದ ಮನವಿ ಕಳಿಸಿದರು. 1785ರಲ್ಲಿ ಮ್ಯಾಡಿಸನ್ ಹೆಸರು ಹಾಕದೆ ಬರೆದ 15 ಅಂಶಗಳ ಮನವಿಪತ್ರವೂ ಸಹಿಗೆ ಸುತ್ತಾಡಿತು. ಅದರ ಒಂದು ತರ್ಕ ಇಂದಿಗೂ ಮೊನಚು: ಒಂದು ಮತಕ್ಕಾಗಿ ನಿಮ್ಮಿಂದ ಮೂರು ಪೆನ್ಸ್ ಕಸಿಯುವ ಅಧಿಕಾರ ಇರುವವನಿಗೆ ನಿಮ್ಮನ್ನು ಇನ್ನಾವುದೇ ಮತಕ್ಕೆ ಬಗ್ಗಿಸುವ ಅಧಿಕಾರವೂ ಇರುತ್ತದೆ. ಆದರೆ ಮ್ಯಾಡಿಸನ್ನನ ಮನವಿಗಿಂತ ಹೆಚ್ಚು ಸಹಿ ಬಿದ್ದದ್ದು ಭಕ್ತರೇ ತಮ್ಮ ಮಾತಿನಲ್ಲಿ ಬರೆದ ಇನ್ನೊಂದು ಮನವಿಗೆ. ಚರಿತ್ರೆ ಪುಸ್ತಕಗಳು ಮ್ಯಾಡಿಸನ್ನನ ಗದ್ಯವನ್ನು ಉಳಿಸಿಕೊಂಡು ಇದನ್ನು ಬದಿಗಿಟ್ಟವು. ಎಲ್ಲ ವಿರೋಧ ಮನವಿಗಳ ಸಹಿ ಸೇರಿ ಹತ್ತು ಸಾವಿರ ದಾಟಿತು. ಅಷ್ಟರಲ್ಲಿ ಹೆನ್ರಿ ಗವರ್ನರ್ ಆಗಿ ಆರಿಸಿ ಹೋಗಿದ್ದ, ಸಭೆಯಲ್ಲಿ ಅವನ ಗುಡುಗು ಇರಲಿಲ್ಲ. ಮಸೂದೆ ಸತ್ತಿತು.

ಬಿಸಿ ಆರುವ ಮೊದಲೇ ಮ್ಯಾಡಿಸನ್ ಜೆಫರ್ಸನ್ನನ ಹಳೆಯ ಮಸೂದೆಯನ್ನು, ಕಾನೂನು ಪರಿಷ್ಕರಣೆಯ ಪಟ್ಟಿಯಲ್ಲಿ 82ನೆಯದನ್ನು, ಹೊರಗೆಳೆದ. ಪೀಠಿಕೆಯಲ್ಲಿ ಯೇಸುಕ್ರಿಸ್ತನ ಹೆಸರು ಸೇರಿಸಬೇಕೆಂಬ ತಿದ್ದುಪಡಿ ಬಂತು, ಬಿದ್ದುಹೋಯಿತು. 1786ರ ಜನವರಿ 16ರಂದು ಮಸೂದೆ ಕಾನೂನಾಯಿತು. ಯಾರನ್ನೂ ಯಾವ ಚರ್ಚಿಗೂ ಹೋಗುವಂತೆ, ಯಾವ ಬೋಧಕನಿಗೂ ಹಣ ಕೊಡುವಂತೆ ಬಲವಂತ ಮಾಡಕೂಡದು, ಮತದ ಕಾರಣಕ್ಕೆ ನಾಗರಿಕ ಹಕ್ಕು ಹೆಚ್ಚೂ ಆಗದು ಕಡಿಮೆಯೂ ಆಗದು. ಪ್ಯಾರಿಸಿನಲ್ಲಿ ರಾಯಭಾರಿಯಾಗಿದ್ದ ಜೆಫರ್ಸನ್‌ಗೆ ಸುದ್ದಿ ಮುಟ್ಟಿತು. 1821ರಲ್ಲಿ ಬರೆದ ಆತ್ಮವೃತ್ತಾಂತದಲ್ಲಿ ಆತ ಬಿದ್ದುಹೋದ ಆ ತಿದ್ದುಪಡಿಯನ್ನು ನೆನೆದು, ಈ ಕಾನೂನಿನ ಆಸರೆ ಕ್ರೈಸ್ತರಿಗಷ್ಟೇ ಅಲ್ಲದೆ ಯೆಹೂದಿ, ಮುಸ್ಲಿಂ, ಹಿಂದೂ, ಏನನ್ನೂ ನಂಬದವರಿಗೂ ಇದೆ ಎಂಬುದಕ್ಕೆ ಅದೇ ಪುರಾವೆ ಎಂದ. ‘ಹಿಂದೂ’ ಎಂದು ಹೆಸರು ಹಿಡಿದೇ ಹೇಳಿದ್ದಾನೆ. ಇಂದು ವರ್ಜೀನಿಯಾದಲ್ಲಿ ಗಣೇಶನ ಹಬ್ಬ ಮಾಡುವ ಕನ್ನಡಿಗರಿಗೆ ಈ ಸಾಲು ಗೊತ್ತಿದ್ದರೆ ಚೆನ್ನು. ಜೆಫರ್ಸನ್ ತನ್ನ ಗೋರಿಕಲ್ಲಿನ ಮೇಲೆ ಕೊರೆಯಲು ಹೇಳಿದ ಮೂರು ಸಾಧನೆಗಳಲ್ಲಿ ಈ ಕಾನೂನೂ ಒಂದು. ಎರಡು ಸಲ ರಾಷ್ಟ್ರಾಧ್ಯಕ್ಷನಾದದ್ದು ಆ ಕಲ್ಲಿನ ಮೇಲಿಲ್ಲ.

ಅಂತಃಸಾಕ್ಷಿಯ ಸ್ವಾತಂತ್ರ್ಯ ಬರೆದ ಜೆಫರ್ಸನ್, ಮ್ಯಾಡಿಸನ್ ಇಬ್ಬರೂ ಗುಲಾಮರನ್ನು ಇಟ್ಟುಕೊಂಡವರು. ಆ ಮಾತನ್ನು ದಾಟಿ ಹೋಗುವುದು ಸರಿಯಲ್ಲ. ಗುಲಾಮಗಿರಿಯನ್ನು ಖಂಡಿಸುವ ನಿರ್ಣಯವನ್ನು 1789ರಲ್ಲಿ ವರ್ಜೀನಿಯಾದ ಬ್ಯಾಪ್ಟಿಸ್ಟರ ಮುಂದಿಟ್ಟವನು ಜಾನ್ ಲೀಲ್ಯಾಂಡ್ ಎಂಬ ಬೋಧಕ. ಅಮೆರಿಕದ ಹೊಸ ಸಂವಿಧಾನದಲ್ಲಿ ಮತಸ್ವಾತಂತ್ರ್ಯದ ಖಾತರಿ ಇಲ್ಲವೆಂದು ತಕರಾರು ತೆಗೆದವರಲ್ಲಿ ಅವನೂ ಒಬ್ಬ. ಮೊದಲ ಸಂಸತ್ತಿಗೆ ಜೇಮ್ಸ್ ಮನ್ರೋ ವಿರುದ್ಧ ನಿಂತ ಮ್ಯಾಡಿಸನ್‌ಗೆ ಬ್ಯಾಪ್ಟಿಸ್ಟರ ಮತ ಬೇಕಿತ್ತು. ತಿದ್ದುಪಡಿ ತರುತ್ತೇನೆಂದು ಮಾತು ಕೊಟ್ಟ, ಗೆದ್ದ, 1789ರ ಜೂನ್ 8ರಂದು ಸದನದಲ್ಲಿ ಮಂಡಿಸಿದ. ಚುನಾವಣಾ ಭರವಸೆಯೊಂದು ನೆರವೇರಿದ ಅಪರೂಪದ ಪ್ರಸಂಗ. 1791ರ ಡಿಸೆಂಬರ್ 15ರಂದು ಜಾರಿಯಾದ ಮೊದಲ ತಿದ್ದುಪಡಿ ಕಾಂಗ್ರೆಸ್ಸಿನ ಕೈಯನ್ನಷ್ಟೇ ಕಟ್ಟಿತು, ರಾಜ್ಯಗಳ ಕೈಯನ್ನಲ್ಲ. ಕನೆಕ್ಟಿಕಟ್, ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಲ್ಲಿ ಚರ್ಚು ತೆರಿಗೆ ಮುಂದುವರಿಯಿತು. ವಿನಾಯಿತಿ ಬೇಕಾದವನು ತಾನು ಬೇರೆ ಪಂಗಡದವನೆಂದು ಪ್ರಮಾಣಪತ್ರ ಸಲ್ಲಿಸಬೇಕಿತ್ತು.

ಆ ಪ್ರಮಾಣಪತ್ರದ ಅವಮಾನವೇ ಪ್ರಸಿದ್ಧ ಪತ್ರಕ್ಕೆ ಕಾರಣ. ಕನೆಕ್ಟಿಕಟ್ಟಿನ ಡ್ಯಾನ್‌ಬರಿ ಬ್ಯಾಪ್ಟಿಸ್ಟರು 1801ರ ಅಕ್ಟೋಬರಿನಲ್ಲಿ, ನಮಗೆ ಸಿಕ್ಕಿರುವುದು ಹಕ್ಕಲ್ಲ, ದಯೆ ಎಂದು ಅಧ್ಯಕ್ಷ ಜೆಫರ್ಸನ್‌ಗೆ ಬರೆದುಕೊಂಡರು. 1802ರ ಜನವರಿ 1ರಂದು ಆತ ಉತ್ತರಿಸಿದ. ಚರ್ಚು ಮತ್ತು ಪ್ರಭುತ್ವದ ನಡುವಿನ ಗೋಡೆ ಎಂಬ ಮಾತು ಅದರಲ್ಲೇ ಇರುವುದು. ಉಪವಾಸ, ಕೃತಜ್ಞತೆಯ ದಿನಗಳನ್ನು ತಾನೇಕೆ ಘೋಷಿಸುವುದಿಲ್ಲ ಎಂದು ಬರೆದ ಸಾಲುಗಳನ್ನು ನ್ಯೂ ಇಂಗ್ಲೆಂಡಿನ ಗೆಳೆಯರು ನೊಂದಾರೆಂದು ಹೊಡೆದುಹಾಕಿದ. ಆ ಗೀಟಿನಡಿಯ ಅಕ್ಷರಗಳನ್ನು 1998ರಲ್ಲಿ ಎಫ್‌ಬಿಐ ಪ್ರಯೋಗಾಲಯ ಓದಿಕೊಟ್ಟಿತು.

ಅದೇ ದಿನ ಅಧ್ಯಕ್ಷನ ಮನೆಗೆ 1,235 ಪೌಂಡ್ ತೂಕದ ಒಂದು ಚೀಸ್ ಬಂತು. ತಂದವನು, ಅಷ್ಟರಲ್ಲಿ ಮ್ಯಾಸಚೂಸೆಟ್ಸಿಗೆ ಮರಳಿದ್ದ ಜಾನ್ ಲೀಲ್ಯಾಂಡ್. ಕೊಟ್ಟವರು ಅಲ್ಲಿಯ ಚೆಷೈರ್ ಊರಿನ ಬ್ಯಾಪ್ಟಿಸ್ಟ್ ಹೈನುಗಾರರು. ಇದರಲ್ಲಿ ಗುಲಾಮರ ದುಡಿಮೆ ಇಲ್ಲ ಎಂದೂ ಅವರು ತಿಳಿಸಿದ್ದರು, ಕೇಳಿಸಿಕೊಂಡವನು ಗುಲಾಮರ ಒಡೆಯ. ಪುಕ್ಕಟೆ ಉಡುಗೊರೆ ಒಲ್ಲದ ಜೆಫರ್ಸನ್ 200 ಡಾಲರ್ ಕೊಟ್ಟ. ಮೂರನೆಯ ತಾರೀಖು ಭಾನುವಾರ ಲೀಲ್ಯಾಂಡ್ ಸಂಸತ್ತಿನ ಕೆಳಮನೆಯಲ್ಲೇ ಧರ್ಮೋಪದೇಶ ಮಾಡಿದ, ಗೋಡೆಯ ಪತ್ರ ಬರೆದು ಎರಡೇ ದಿನವಾಗಿದ್ದ ಅಧ್ಯಕ್ಷ ಎದುರು ಕೂತು ಕೇಳಿದ. ಇದನ್ನು ಹಿಡಿದು ಗೋಡೆಯೇ ಸುಳ್ಳು ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಉಪದೇಶ ಕೇಳಲು ಯಾರನ್ನೂ ಹಿಡಿದು ತಂದಿರಲಿಲ್ಲ, ಉಪದೇಶಕನಿಗೆ ಅದಕ್ಕಾಗಿ ತೆರಿಗೆಯ ಕಾಸು ಸಲ್ಲಲಿಲ್ಲ. ಅವರ ಜಗಳ ಇದ್ದದ್ದು ಈ ಎರಡರ ಬಗ್ಗೆಯೇ.

ಕನೆಕ್ಟಿಕಟ್ 1818ರಲ್ಲಿ, ಮ್ಯಾಸಚೂಸೆಟ್ಸ್ 1833ರಲ್ಲಿ ಚರ್ಚಿನ ಕೈಬಿಟ್ಟವು. 1947ರ ಎವರ್ಸನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಜೆಫರ್ಸನ್ನನ ಗೋಡೆಯನ್ನು ರಾಜ್ಯಗಳಿಗೂ ಅನ್ವಯಿಸಿ ಗಂಭೀರವಾಗಿ ಬರೆದು, ಕ್ಯಾಥೊಲಿಕ್ ಶಾಲೆಯ ಮಕ್ಕಳ ಬಸ್ಸಿನ ಖರ್ಚನ್ನು ಸರ್ಕಾರ ಕೊಡಬಹುದೆಂದು ತೀರ್ಪಿತ್ತ. ಐವರು ಪರ, ನಾಲ್ವರು ವಿರುದ್ಧ. ಅಲ್ಲಿಂದ ಮುಂದಿನದು ವಕೀಲರ ಕಥೆ.

ನಮ್ಮ ಸಂವಿಧಾನ ಗೋಡೆ ಕಟ್ಟಲಿಲ್ಲ, ಆದರೆ ಹೊಗೆಸೊಪ್ಪಿನ ಪ್ರಶ್ನೆಯನ್ನು ಮರೆಯಲೂ ಇಲ್ಲ. ನಿರ್ದಿಷ್ಟ ಧರ್ಮವೊಂದರ ಪೋಷಣೆಗೆಂದೇ ಮೀಸಲಾದ ತೆರಿಗೆಯನ್ನು ಯಾರಿಂದಲೂ ಬಲವಂತವಾಗಿ ವಸೂಲು ಮಾಡಕೂಡದು ಎನ್ನುತ್ತದೆ 27ನೇ ವಿಧಿ. ಅದರ ಮೊದಲ ದೊಡ್ಡ ಪರೀಕ್ಷೆಗಳಲ್ಲೊಂದು ನಡೆದದ್ದು ನಮ್ಮ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ. ಆಗಿನ್ನೂ ಉಡುಪಿ ಮದ್ರಾಸಿಗೆ ಸೇರಿತ್ತು. ಮಠದ ಆದಾಯದಲ್ಲಿ ಶೇ 5ರವರೆಗೆ ವಂತಿಗೆ ಕೇಳಿದ 1951ರ ಕಾನೂನನ್ನು ಸ್ವಾಮೀಜಿಗಳು ಪ್ರಶ್ನಿಸಿದ್ದರು. 1954ರಲ್ಲಿ ಸುಪ್ರೀಂ ಕೋರ್ಟು, ಇದು ಶುಲ್ಕವಲ್ಲ ತೆರಿಗೆ, ರಾಜ್ಯಕ್ಕೆ ಇದನ್ನು ಹಾಕುವ ಅಧಿಕಾರವಿಲ್ಲ ಎಂದಿತು. ಆದರೆ ಹಣ ಆಡಳಿತದ ಮೇಲ್ವಿಚಾರಣೆಗೇ ಹೊರತು ಧರ್ಮದ ಪೋಷಣೆಗಲ್ಲ, ಹಾಗಾಗಿ 27ನೇ ವಿಧಿಯ ಉಲ್ಲಂಘನೆಯಾಗಿಲ್ಲ ಎಂದೂ ಹೇಳಿತು. ಸಾಮಾನ್ಯ ಬೊಕ್ಕಸದಿಂದ ಕೊಡಲು ಅಡ್ಡಿಯಿಲ್ಲ ಎಂಬ ದಾರಿ ನಮ್ಮಲ್ಲಿ ಮೊದಲಿನಿಂದ ತೆರೆದೇ ಇದೆ. 1956ರಲ್ಲಿ ಸೇರಿದ 290ಎ ವಿಧಿಯಂತೆ ಕೇರಳದ ಬೊಕ್ಕಸ ತಿರುವಾಂಕೂರು ದೇವಸ್ವಂ ನಿಧಿಗೆ ವರ್ಷಕ್ಕೆ 46.5 ಲಕ್ಷ ರೂಪಾಯಿ ಕೊಡಬೇಕು. ನಮ್ಮಲ್ಲಿ ಮುಜರಾಯಿ ದೇವಾಲಯಗಳಿಗೆ ತಸ್ತೀಕ್ ಹೋಗುತ್ತದೆ, ಮಸೀದಿಯ ಇಮಾಮರಿಗೆ ಗೌರವಧನ ಹೋಗುತ್ತದೆ. ಇನಾಮು ಜಮೀನು ಸರ್ಕಾರ ವಶಪಡಿಸಿಕೊಂಡದ್ದಕ್ಕೆ ಪ್ರತಿಯಾಗಿ ಬಂದ ತಸ್ತೀಕನ್ನು ಪಾದ್ರಿಯ ಹೊಗೆಸೊಪ್ಪಿನ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ, ಅದರ ಚರಿತ್ರೆ ಬೇರೆ. ಆದರೂ ಹೆನ್ರಿಯ ಮಸೂದೆ, ಎಲ್ಲರಿಗೂ ಒಂದೊಂದು ಪಾಲು ಎಂಬ ಆ ಜಾಣ ಏರ್ಪಾಡು, ನಮಗೆ ತೀರ ಅಪರಿಚಿತವೇನಲ್ಲ.

ಬಜೆಟ್ ಮರುದಿನದ ಪತ್ರಿಕೆಯಲ್ಲಿ ಯಾವ ಧರ್ಮಕ್ಕೆ ಎಷ್ಟು ಕೋಟಿ ಎಂದು ಓದುವಾಗ ನಮ್ಮ ಕಣ್ಣು ಮೊದಲು ಹೋಗುವುದು ಪಕ್ಕದವರ ಪಾಲಿನ ಮೇಲೆ. ವರ್ಜೀನಿಯಾದ ಬ್ಯಾಪ್ಟಿಸ್ಟರು ಪ್ರಶ್ನೆ ಕೇಳಿಕೊಂಡದ್ದು ತಮ್ಮ ಪಾಲಿನ ಬಗ್ಗೆ. ಮ್ಯಾಡಿಸನ್ನನ ಮನವಿಪತ್ರ ದೊಡ್ಡ ಗ್ರಂಥವಲ್ಲ, ಒಂದು ಸಂಜೆಯ ಓದು, ಹುಡುಕಿದರೆ ಪುಕ್ಕಟೆಯಾಗಿ ಸಿಗುತ್ತದೆ. ಮುಂದಿನ ಬಜೆಟ್ಟಿಗೆ ಮೊದಲು ಒಮ್ಮೆ ಓದಿ ನೋಡಿ. ಓದುವಾಗ ಅದರಲ್ಲಿ ಚರ್ಚು ಇರುವ ಕಡೆಯಲ್ಲೆಲ್ಲ ನಿಮ್ಮದೇ ದೇವಸ್ಥಾನವನ್ನೋ ಮಸೀದಿಯನ್ನೋ ಮಠವನ್ನೋ ಇಟ್ಟುಕೊಂಡು ಓದಿ.